ತೀರ್ಪು ಕೊಡುವವರ ಮನಸ್ಸಿನಲ್ಲಿ ಏನಿತ್ತು?

ಮೂಡುಬಿದಿರೆಯ ಕಾಲೇಜೊಂದರಲ್ಲಿ ಚರ್ಚಾ ಸ್ಪರ್ಧೆ ಇತ್ತು. ನಾನಾಗ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೆ. ಸೈನ್ಯದಲ್ಲಿದ್ದು ದ್ರೋಹ ಬಗೆದವರಿಗೆ ಮರಣದಂಡನೆಯೇ ತಕ್ಕ ಶಿಕ್ಷೆಯೇ ಎಂಬುದು ವಿಷಯ. ನಾನು ಹೌದು ಎಂದು ವಾದಿಸಿದೆ. ಚಪ್ಪಾಳೆ ಬಿತ್ತು, ಎರಡನೇ ಬಹುಮಾನವೂ ಬಂತು. ಆದರೆ ಅಂದು ಮನೆಗೆ ತಂದದ್ದು ಬಹುಮಾನಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆಯನ್ನು.

ಬಹುಮಾನ ಕೊಡುವ ಮೊದಲು ತೀರ್ಪುಗಾರರಲ್ಲಿ ಒಬ್ಬರಾದ ಹಿರಿಯ ಮೇಡಂ ವೇದಿಕೆಯ ಮೇಲೆ ಐದು ಕುರ್ಚಿ ಹಾಕಿಸಿದರು. ನಮ್ಮಲ್ಲಿ ಐವರನ್ನು ಕರೆದು ಕೂರಿಸಿದರು. ನೀವೀಗ ಸೈನಿಕ ನ್ಯಾಯಾಲಯದ ಸದಸ್ಯರು ಎಂದು ಹೇಳಿ ನಾಲ್ಕೇ ವಾಕ್ಯದಲ್ಲಿ ಒಂದು ಪ್ರಕರಣ ವಿವರಿಸಿದರು. ಕಾವಲಿನಲ್ಲಿದ್ದ ಜವಾನನೊಬ್ಬ ತನ್ನ ಮೇಲಧಿಕಾರಿಗೆ ಗುಂಡು ಹಾರಿಸಿ ಕೊಂದಿದ್ದಾನೆ, ತಪ್ಪು ಸಾಬೀತಾಗಿದೆ, ಗಲ್ಲು ಎನ್ನುವವರು ಕೈ ಎತ್ತಿ ಎಂದರು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲಿತ್ತು. ಆ ಜವಾನನ ಹೆಸರು, ಊರು, ಅಂದು ನಡೆದದ್ದೇನು, ಯಾವುದನ್ನೂ ಕೇಳದೆ ಕೈ ಎತ್ತಿದೆಯಲ್ಲ, ಹಾಗಾದರೆ ಯಾವ ಆಧಾರದ ಮೇಲೆ ಎತ್ತಿದೆ ಎಂದು ಮೇಡಂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಪ್ರಕರಣವನ್ನು ಕೇಳಿ ಎತ್ತಿದ ಕೈ ಅದಲ್ಲ. ಸೈನಿಕರ ಮನೆತನದಲ್ಲಿ ಬೆಳೆದ ನನ್ನೊಳಗೆ ಮೊದಲೇ ಇದ್ದ ನಂಬಿಕೆ ಎತ್ತಿದ ಕೈ.

ನಮ್ಮದು ಬಂಟ್ವಾಳ. ಬಿ.ಸಿ. ರೋಡಿನಿಂದ ಪಾಣೆಮಂಗಳೂರು ಸೇತುವೆ ದಾಟಿ ಸ್ವಲ್ಪ ಹೋದರೆ ನೇತ್ರಾವತಿಯ ದಂಡೆಯಲ್ಲಿ ನಂದಾವರ. ಬಂಗರಸರು ಆಳಿದ ಜಾಗವದು. ಅವರ ಹಳೆಯ ನೆಲೆಯಾದ ಬಂಗಾಡಿ ಇರುವುದು ಬೆಳ್ತಂಗಡಿ ತಾಲ್ಲೂಕಿನಲ್ಲಿ. 1837ರಲ್ಲಿ ಅಮರ ಸುಳ್ಯದ ಕಡೆಯಿಂದ ಕೆದಂಬಾಡಿ ರಾಮಯ್ಯ ಗೌಡರು ಮತ್ತು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿದ್ದ ಪುಟ್ಟ ಬಸಪ್ಪನ ದಂಡು ಹೊರಟಾಗ ನಂದಾವರದ ಲಕ್ಷ್ಮಪ್ಪ ಬಂಗರಸರು ಜೊತೆಗೂಡಿದರು. ಕಂಪನಿಯವರು ಕೊಡಗನ್ನು ಕಿತ್ತುಕೊಂಡು ಮೂರು ವರ್ಷವಾಗಿತ್ತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲೇ ಕೊಡಬೇಕೆಂಬ ಹೊಸ ಕಟ್ಟಳೆ ರೈತರ ಬೆನ್ನು ಮುರಿದಿತ್ತು. ದಂಡು ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು ಹಿಡಿಯಿತು, ಬಾವುಟಗುಡ್ಡದಲ್ಲಿ ತನ್ನ ಬಾವುಟ ಹಾರಿಸಿತು. ಎರಡು ವಾರ ತುಂಬುವುದರೊಳಗೆ ಕಂಪನಿಯ ಸೈನ್ಯ ಮರಳಿ ಬಂತು. ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಈ ಕಥೆ ಕೇಳುತ್ತಲೇ ಬೆಳೆದವಳು ನಾನು. ಆದರೆ ನಮ್ಮೂರಲ್ಲಿ ಇದನ್ನು ಹೇಳುವಾಗ ದಂಡು ಬರುತ್ತದೆ, ಬಾವುಟ ಬರುತ್ತದೆ, ಕೊನೆಗೆ ನೇಣು ಬರುತ್ತದೆ. ನಡುವೆ ತೀರ್ಪು ಕೊಟ್ಟವರು ಬರುವುದೇ ಇಲ್ಲ. ಅವರ ತಲೆಯಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಐದು ಕುರ್ಚಿಯ ಆಟದ ಮೇಲೆ ನನಗೆ ಬೇಕಿದ್ದದ್ದು ಆ ನಡುವಿನ ಭಾಗ.

ಮರುವಾರ ಬೆಳ್ತಂಗಡಿಗೆ ಮಾವನ ಮನೆಗೆ ಹೋದೆ. ಅಮ್ಮನ ಅಣ್ಣ ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಕೋರ್ಟ್ ಮಾರ್ಷಲ್ ಬಗ್ಗೆ ಕೇಳಿದೆ. ಅಲ್ಲಿ ಪ್ರತ್ಯೇಕ ಜ್ಯೂರಿ ಇಲ್ಲ, ಕುರ್ಚಿಯಲ್ಲಿ ಕೂತ ಅಧಿಕಾರಿಗಳೇ ಜ್ಯೂರಿಯೂ ಹೌದು, ಶಿಕ್ಷೆ ವಿಧಿಸುವವರೂ ಹೌದು ಎಂದು ಮಾವ ವಿವರಿಸಿದರು. ಆಮೇಲೆ ಹೇಳಿದ ಒಂದು ವಿಷಯ ನನಗೆ ತುಂಬ ಹಿಡಿಸಿತು. ಸದಸ್ಯರ ಅಭಿಪ್ರಾಯ ಕೇಳುವಾಗ ದರ್ಜೆಯಲ್ಲಿ ಎಲ್ಲರಿಗಿಂತ ಕಿರಿಯರಿಂದ ಶುರು ಮಾಡುತ್ತಾರಂತೆ. ಕರ್ನಲ್ ಮೊದಲು ಬಾಯಿ ಬಿಟ್ಟರೆ ಕ್ಯಾಪ್ಟನ್ ಬೇರೆ ಮಾತಾಡುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬರ ನಂಬಿಕೆ ಇನ್ನೊಬ್ಬರ ಮೇಲೆ ಕೂರಬಾರದು ಎಂಬ ಎಚ್ಚರ ಕಾನೂನಿನಲ್ಲೇ ಇದೆ.

ಹಾಗಾದರೆ ಆ ಎಚ್ಚರ ಇಲ್ಲದಿದ್ದ ಕಾಲದಲ್ಲಿ, ಗೆದ್ದ ಸೈನ್ಯವೇ ಸೋತವನ ವಿಚಾರಣೆ ನಡೆಸುವಾಗ ಏನಾಗುತ್ತಿತ್ತು? ಮೇಡಂಗೆ ಫೋನ್ ಮಾಡಿ ಕೇಳಿದೆ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಜೀವನ ಓದು ಎಂದರು. ಪಿಯುಸಿ ಇತಿಹಾಸದಲ್ಲಿ 1857ರ ಪಟ್ಟಿಯಲ್ಲಿ ಓದಿದ ಹೆಸರು, ಅಷ್ಟೇ ಗೊತ್ತಿತ್ತು. ಓದುತ್ತಾ ಹೋದಂತೆ ನಮ್ಮ ಬಂಗರಸರ ಕಥೆಯಲ್ಲಿ ಕೇಳದೇ ಉಳಿದಿದ್ದ ನಡುವಿನ ಭಾಗ ಅಲ್ಲಿ ಸಿಕ್ಕಿತು.

ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಬೆಟ್ಟದ ನಾಡು. ಬೇಡ ನಾಯಕರ ಸಂಸ್ಥಾನ. ಮೊಘಲರ ಸೈನ್ಯಕ್ಕೂ ಸುಲಭಕ್ಕೆ ಬಗ್ಗದ ನೆಲ. ಹತ್ತೊಂಬತ್ತನೇ ಶತಮಾನಕ್ಕೆ ಬರುವಾಗ ಅದು ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುತ್ತಾ, ಸಾಲದಲ್ಲಿ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಏಳೆಂಟರ ಆಸುಪಾಸಿನ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕರು ಇನ್ನೊಂದು ಕಡೆ ಅಧಿಕಾರಕ್ಕೆ ಜಗಳವಾಡುತ್ತಿದ್ದರು. ಈ ಜಗಳ ಬಗೆಹರಿಸಲು ಹೈದರಾಬಾದಿನಿಂದ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದರು. ಅವರೇ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ ಠಕ್ಕರ ಕುರಿತ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದವರು. ನಿಜಾಮನ ಸೈನ್ಯದಲ್ಲಿದ್ದರು.

ಟೇಲರ್ ಕೆಲವು ತಿಂಗಳಿಗೆಂದು ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಸಂಸ್ಥಾನದ ಲೆಕ್ಕ ನೇರ ಮಾಡಿದರು. ರಸ್ತೆ ಮಾಡಿಸಿದರು, ಕೆರೆಗಳನ್ನು ಸರಿಪಡಿಸಿದರು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ್ದು ಅವರೇ. ಬೆಟ್ಟದ ಮೇಲೆ ಅವರು ಕಟ್ಟಿಸಿದ ಬಂಗಲೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಎನ್ನುತ್ತಾರೆ. ತಂದೆಯಿಲ್ಲದ ಬಾಲ ಅರಸನ ಓದು ಬರಹ, ಕುದುರೆ ಸವಾರಿ, ನಡತೆ ಎಲ್ಲದರ ಹೊಣೆಯೂ ಅವರ ಮೇಲೆ ಬಿತ್ತು. ಹುಡುಗ ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಒಂದು ಪದದ ಮೇಲೆ.

ಇನ್ನೊಂದು ವಿಷಯವನ್ನೂ ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹುಡುಗ ಹುಟ್ಟಿದಾಗ ಅರಮನೆಯ ಜೋಯಿಸರು ಜಾತಕ ಬರೆದು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗಂಡಾಂತರವಿದೆ, ದಾಟುವುದಿಲ್ಲ ಎಂದಿದ್ದರಂತೆ. ರಾಣಿ ಈ ಗುಟ್ಟನ್ನು ಟೇಲರ್‌ಗೆ ತಿಳಿಸಿದ್ದರು. ಟೇಲರ್ ಅದನ್ನು ನಂಬಲಿಲ್ಲ. ಆದರೆ ಸುತ್ತಲಿನವರೆಲ್ಲ ನಂಬಿದ್ದರು.

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದರು. ಆಡಳಿತ ಅವರ ಕೈಗೆ ಬಂತು. ಟೇಲರ್ ನಳದುರ್ಗದ ಕಡೆಗೆ ವರ್ಗವಾಗಿ ಹೊರಟರು. ಹತ್ತೊಂಬತ್ತರ ಹುಡುಗ ಒಂದು ಸಂಸ್ಥಾನದ ಗದ್ದುಗೆಯಲ್ಲಿ ಒಬ್ಬನೇ ಕೂತ. ನಾಲ್ಕು ವರ್ಷದಲ್ಲಿ ಬೊಕ್ಕಸ ಮತ್ತೆ ಬರಿದಾಯಿತು. ಅಷ್ಟರಲ್ಲಿ ಉತ್ತರದಿಂದ 1857ರ ಸುದ್ದಿ ಬಂತು. ದಿಲ್ಲಿ ಎದ್ದಿದೆ, ಕಾನ್ಪುರ ಎದ್ದಿದೆ, ಇನ್ನು ಫಿರಂಗಿಗಳ ಆಟ ಮುಗಿಯಿತು ಎಂದು ಹೇಳುವವರು ಸುರಪುರಕ್ಕೂ ಬಂದರು. ಅರಸರು ಅರಬರನ್ನೂ ರೋಹಿಲರನ್ನೂ ಸೇರಿಸಿ ದಂಡು ಕಟ್ಟತೊಡಗಿದರು.

ಅನುಮಾನ ಬಂದ ಹೈದರಾಬಾದಿನ ರೆಸಿಡೆಂಟ್ 1858ರ ಆರಂಭದಲ್ಲಿ ಕ್ಯಾಪ್ಟನ್ ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಸುರಪುರಕ್ಕೆ ಕಳುಹಿಸಿದರು. ಮಾತುಕತೆ ಫಲಿಸಲಿಲ್ಲ. ಲಿಂಗಸುಗೂರಿನಿಂದ ಸೈನ್ಯ ಬಂದು ಊರ ಹೊರಗೆ ಬೀಡುಬಿಟ್ಟಿತು. ಫೆಬ್ರವರಿ 7ರ ರಾತ್ರಿ ಸುರಪುರದವರು ಆ ಬೀಡಿನ ಮೇಲೆ ಬಿದ್ದರು. ಮರುದಿನ ಕಂಪನಿಗೆ ಇನ್ನಷ್ಟು ಸೈನ್ಯ ಬಂತು. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತರು. ಈ ಸಾವು ನೆನಪಿರಲಿ, ಮುಂದೆ ನ್ಯಾಯಾಸನದಲ್ಲಿ ಕೂರುವವರು ಇದೇ ಸೈನ್ಯದ ಅಧಿಕಾರಿಗಳು. ಸೋಲು ಖಚಿತವಾದ ಮೇಲೆ ಅರಸರು ಕೆಲವೇ ಸವಾರರ ಜೊತೆ ಹೈದರಾಬಾದಿನ ಕಡೆಗೆ ಹೊರಟರು. ಅಲ್ಲಿ ಬಜಾರಿನಲ್ಲಿ ಅಲೆಯುತ್ತಿದ್ದಾಗ ಸಿಕ್ಕಿಬಿದ್ದರು. ನಿಜಾಮನ ದಿವಾನ ಸಾಲಾರ್ ಜಂಗ್ ಅವರನ್ನು ರೆಸಿಡೆಂಟ್‌ಗೆ ಒಪ್ಪಿಸಿದರು. ಸಿಕಂದರಾಬಾದಿನ ಸೈನಿಕ ಕಾವಲಿನಲ್ಲಿಟ್ಟರು.

ಸೆರೆಯಲ್ಲಿದ್ದ ಅರಸರನ್ನು ನೋಡಲು ಟೇಲರ್ ಬಂದರು. ಐದು ವರ್ಷದ ಮೇಲೆ ಮುಖ ಕಂಡದ್ದು. ಅರಸರು ಓಡಿಬಂದು ಅಪ್ಪಿಕೊಂಡು ಮಗುವಿನಂತೆ ಅತ್ತರೆಂದು ಟೇಲರ್ ಬರೆದಿದ್ದಾರೆ. ದಂಗೆಗೆ ಕುಮ್ಮಕ್ಕು ಕೊಟ್ಟವರ ಹೆಸರು ತಿಳಿಯುವುದು ರೆಸಿಡೆಂಟ್‌ಗೆ ಬೇಕಿತ್ತು. ಹೆಸರು ಹೇಳಿದರೆ ಅರಸರಿಗೂ ಅನುಕೂಲವಿತ್ತು. ಅವರು ಹೇಳಲಿಲ್ಲ. ಪ್ರಾಣಭಿಕ್ಷೆ ಕೇಳಲು ರೆಸಿಡೆಂಟರ ಮುಂದೆ ನಿಲ್ಲುವುದಿಲ್ಲ, ನನ್ನ ಜನರನ್ನು ಹಿಡಿದುಕೊಡುವುದೂ ಇಲ್ಲ ಎಂಬುದು ಅವರ ನಿಲುವು. ಒಂದೇ ಒಂದು ಬೇಡಿಕೆ ಇಟ್ಟರು. ಕಳ್ಳನನ್ನು ನೇಣು ಹಾಕುವಂತೆ ತನ್ನನ್ನು ನೇಣು ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು.

ಸೈನಿಕ ಅಧಿಕಾರಿಗಳ ಆಯೋಗ ವಿಚಾರಣೆ ನಡೆಸಿತು. ತೀರ್ಪು ಮರಣದಂಡನೆ.

ಆ ಆಯೋಗದ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿಕೊಂಡು ನೋಡಿದೆ. 1858ರ ಬೇಸಿಗೆ. ದಿಲ್ಲಿ, ಕಾನ್ಪುರದ ಸುದ್ದಿ ಕೇಳಿ ಇನ್ನೂ ವರ್ಷ ಆಗಿಲ್ಲ. ತಮ್ಮ ಜೊತೆಯ ಅಧಿಕಾರಿ ಸುರಪುರದ ಕಾಳಗದಲ್ಲಿ ಸತ್ತು ಕೆಲವೇ ವಾರವಾಗಿದೆ. ಎದುರಿಗೆ ನಿಂತವನು ಯಾರು ಎಂಬುದು ಆ ಅಧಿಕಾರಿಗಳಿಗೆ ವಿಚಾರಣೆಗೆ ಮೊದಲೇ ಗೊತ್ತು. ನಂಬಿಸಿ ಮೋಸ ಮಾಡಿದ ಸಂಸ್ಥಾನಿಕ. ಆ ಕುರ್ಚಿಯಲ್ಲಿದ್ದಿದ್ದರೆ ನನ್ನ ಕೈಯೂ ಮೇಲೆ ಹೋಗುತ್ತಿತ್ತು. ಮೂಡುಬಿದಿರೆಯಲ್ಲಿ ಹೋದದ್ದಕ್ಕಿಂತ ಬೇಗ ಹೋಗುತ್ತಿತ್ತೋ ಏನೋ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತೀರ್ಪು ರೆಸಿಡೆಂಟ್ ಕರ್ನಲ್ ಡೇವಿಡ್ಸನ್ ಅವರ ಮುಂದೆ ಬಂತು. ಅವರು ಟೇಲರ್ ಅವರನ್ನು ಬಲ್ಲವರು. ಈ ಯುವಕ ಎಂಥ ಮನೆಯಲ್ಲಿ ಬೆಳೆದ, ಯಾರ ನಡುವೆ ಸಿಕ್ಕಿಕೊಂಡ ಎಂಬುದು ಅವರಿಗೆ ತಿಳಿಯಿತು. ಮರಣದಂಡನೆಯನ್ನು ಜೀವಾವಧಿ ಗಡೀಪಾರಿಗೆ ಇಳಿಸಿದರು. ಕಡತ ಅಲ್ಲಿಂದ ಗವರ್ನರ್ ಜನರಲ್ ಕ್ಯಾನಿಂಗ್ ಅವರ ಕಡೆಗೆ ಹೋಯಿತು. 1857ರಲ್ಲಿ ಸಿಕ್ಕಸಿಕ್ಕವರನ್ನು ಗಲ್ಲಿಗೇರಿಸಬೇಡಿ ಎಂದು ಆದೇಶ ಹೊರಡಿಸಿ, ತಮ್ಮವರಿಂದಲೇ ದಯಾಳು ಕ್ಯಾನಿಂಗ್ ಎಂದು ಗೇಲಿಗೆ ಒಳಗಾದವರು ಅವರು. ಅವರು ಶಿಕ್ಷೆಯನ್ನು ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷ ಸೆರೆವಾಸ ಎಂದರು. ಬೇಕಾದರೆ ರಾಣಿಯರು ಜೊತೆಯಲ್ಲಿರಬಹುದು. ನಡತೆ ಸರಿಯಿದ್ದರೆ ಸಂಸ್ಥಾನವನ್ನೂ ಮರಳಿ ಕೊಡಬಹುದು.

ಗಮನಿಸಿ. ಮನುಷ್ಯ ಒಬ್ಬನೇ, ಕೃತ್ಯ ಒಂದೇ, ಸಾಕ್ಷ್ಯವೂ ಅದೇ. ಮೂರು ಮೇಜುಗಳ ಮೇಲೆ ಮೂರು ಶಿಕ್ಷೆ: ಗಲ್ಲು, ಜೀವನಪೂರ್ತಿ ಗಡೀಪಾರು, ನಾಲ್ಕು ವರ್ಷದ ಸೆರೆ. ಕಾನೂನಿನ ಪುಸ್ತಕ ಮೂರೂ ಕಡೆ ಅದೇ ಇತ್ತು. ಬದಲಾದದ್ದು ಮೇಜಿನ ಹಿಂದೆ ಕೂತವರ ಮನಸ್ಸು. ಒಂದು ಕಡೆ ಅವನು ದ್ರೋಹಿ. ಇನ್ನೊಂದು ಕಡೆ ದಾರಿ ತಪ್ಪಿದ ಹುಡುಗ.

ಇದನ್ನು ಓದಿ ಸಮಾಧಾನವಾಯಿತು ಎಂದು ಬರೆಯಲು ಆಗುವುದಿಲ್ಲ. ಯಾಕೆಂದರೆ ಅದೇ ದಿನಗಳ ಕರ್ನಾಟಕದ ಬೇರೆ ಕಥೆಗಳೂ ಪಕ್ಕದಲ್ಲೇ ಇವೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ಒಪ್ಪಲಿಲ್ಲ. 1857ರ ಡಿಸೆಂಬರ್‌ನಲ್ಲಿ ಅವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ವೆಂಕಟಪ್ಪ ನಾಯಕರದ್ದೇ ಸಮುದಾಯ. ಅವರಿಗೆ ಟೇಲರ್ ಇರಲಿಲ್ಲ. ಇವರು ಯಾರ ಮಕ್ಕಳು, ಆಯುಧ ಎಂದರೆ ಇವರಿಗೆ ಏನು ಎಂದು ತೀರ್ಪು ಕೊಡುವವರ ಭಾಷೆಯಲ್ಲಿ ಹೇಳುವ ಒಬ್ಬನೂ ಇರಲಿಲ್ಲ. ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಕ್ಕಳಿಲ್ಲದೆ ದತ್ತು ಕೇಳಿದರೆ ಕಂಪನಿ ಕೊಡಲಿಲ್ಲ. 1858ರ ಮೇ ಕೊನೆಯಲ್ಲಿ ಅವರ ಕಡೆಯವರು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದರು. ಜೂನ್ 12ಕ್ಕೆ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಆಗಿತ್ತು. ಎರಡು ವಾರ ಸಾಕಾಯಿತು. ಅದೇ ವರ್ಷ ದಿಲ್ಲಿಯಲ್ಲಿ ಬಹಾದೂರ್ ಷಾ ಜಫರ್ ಅವರನ್ನು ಸೈನಿಕ ಆಯೋಗ ತಪ್ಪಿತಸ್ಥ ಎಂದಿತು, ಆದರೆ ಸೆರೆ ಹಿಡಿಯುವಾಗ ಜೀವದಾನದ ಮಾತು ಕೊಟ್ಟಿದ್ದರಿಂದ ರಂಗೂನಿಗೆ ಕಳುಹಿಸಿದರು.

ಹಾಗೆಂದು ಬಿಳಿಯರು ಕೂತರೆ ಒಂದು ತೀರ್ಪು, ನಮ್ಮವರು ಕೂತರೆ ಇನ್ನೊಂದು ಎಂದು ಸುಲಭವಾಗಿ ಹೇಳುವಂತಿಲ್ಲ. 1857ರ ಏಪ್ರಿಲ್‌ನಲ್ಲಿ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆಯ ಕೋರ್ಟ್ ಮಾರ್ಷಲ್ ನಡೆದಾಗ ಸದಸ್ಯರ ಕುರ್ಚಿಯಲ್ಲಿ ಕೂತವರು ಭಾರತೀಯ ಅಧಿಕಾರಿಗಳೇ. ಅವರೇ ಗಲ್ಲು ವಿಧಿಸಿದರು. ಸಮವಸ್ತ್ರದ ನಿಷ್ಠೆಯೂ ಒಂದು ನಂಬಿಕೆ. ತಮ್ಮ ಮೇಲೆ ಅನುಮಾನ ಬರಬಾರದೆಂಬ ಭಯವೂ ತಕ್ಕಡಿಯಲ್ಲಿ ತೂಗುತ್ತದೆ. ನನ್ನ ಕೈ ಎತ್ತಿಸಿದ್ದೂ ಅಂಥದ್ದೇ ಒಂದು ನಿಷ್ಠೆ ಎಂದು ಇದನ್ನು ಓದುವಾಗ ಅರಿವಾಯಿತು.

ಇನ್ನು ಅರಸರ ಕೊನೆಯ ದಿನಗಳು. ಶಿಕ್ಷೆ ಇಳಿಯಿತೆಂದು ಟೇಲರ್ ಸಂತೋಷಪಟ್ಟರು. ಆದರೆ ಅರಸರ ಲೆಕ್ಕವೇ ಬೇರೆ ಇತ್ತು. ಬೇಡರಲ್ಲಿ ಅತಿ ಸಾಮಾನ್ಯನೂ ಸೆರೆಮನೆಯಲ್ಲಿ ಬದುಕಲು ಒಪ್ಪುವುದಿಲ್ಲ, ಅದಕ್ಕಿಂತ ಸಾವು ಲೇಸು ಎಂಬುದು ಅವರ ಭಾವನೆ. ಕೊಟ್ಟವರು ದಯೆ ಎಂದುಕೊಂಡದ್ದು ಪಡೆದವರಿಗೆ ಅವಮಾನವಾಗಿತ್ತು. ಶಿಕ್ಷೆ ಏರಿಸುವಾಗ ಹೇಗೋ ಇಳಿಸುವಾಗಲೂ ಹಾಗೆ, ಎದುರಿಗಿದ್ದ ಮನುಷ್ಯನಿಗೆ ಯಾವುದು ಭಾರ, ಯಾವುದು ಹಗುರ ಎಂದು ಯಾರೂ ಅವನನ್ನು ಕೇಳಿರಲಿಲ್ಲ.

1858ರ ಮೇ ತಿಂಗಳಲ್ಲಿ ಅವರನ್ನು ಚೆಂಗಲಪಟ್ಟಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಬಿಡಾರ ಹೂಡಿದಾಗ ಕಾವಲಿನ ಅಧಿಕಾರಿ ತನ್ನ ಪಿಸ್ತೂಲಿನ ಪಟ್ಟಿ ಬಿಚ್ಚಿ ಡೇರೆಯಲ್ಲಿ ಕುರ್ಚಿಗೆ ನೇತುಹಾಕಿ ಹೊರಗೆ ಹೋಗಿದ್ದ. ಗುಂಡಿನ ಸದ್ದು ಕೇಳಿ ಓಡಿಬಂದು ನೋಡಿದರೆ ಅರಸರ ಪ್ರಾಣ ಹೋಗಿತ್ತು. ಟೇಲರ್ ಬರೆದದ್ದು ಹೀಗೆ. ಅದು ಆತ್ಮಹತ್ಯೆಯಲ್ಲ, ಕೊಲೆ ಎಂದು ನಂಬುವವರೂ ಇದ್ದಾರೆ. ಅವರಿಗೆ ಆಗ ಇಪ್ಪತ್ತನಾಲ್ಕನೇ ವರ್ಷ ನಡೆಯುತ್ತಿತ್ತು. ಜೋಯಿಸರ ಮಾತು ನಿಜವಾಯಿತು ಎಂದು ಸುರಪುರದಲ್ಲಿ ಜನ ಮಾತಾಡಿಕೊಂಡರು. ಎರಡು ವರ್ಷದ ಬಳಿಕ, 1860ರಲ್ಲಿ, ಕಂಪನಿಯ ಪರವಾಗಿ ನಿಂತದ್ದಕ್ಕೆ ಉಡುಗೊರೆಯಾಗಿ ಸುರಪುರ ನಿಜಾಮನಿಗೆ ಸೇರಿತು. ಟೇಲರ್ ಅದೇ ವರ್ಷ ಇಂಗ್ಲೆಂಡಿಗೆ ಮರಳಿದರು. ಅವರ ಆತ್ಮಕಥೆ ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1877ರಲ್ಲಿ.

ಈಗ ಅಂಥ ವಿಚಾರಣೆ ನಡೆಯುವುದಿಲ್ಲ ಎಂದು ನೀವು ಕೇಳಬಹುದು. ಹೌದು, ಕಾನೂನು ಬಹಳ ದೂರ ಬಂದಿದೆ. ಪರೀಕ್ಷೆಗೆ ಓದುವವರಿಗೂ ಉಪಯೋಗವಾಗಲಿ ಎಂದು ಕೆಲವು ಅಂಶ ಹೇಳುತ್ತೇನೆ. ನಮ್ಮ 1950ರ ಸೇನಾ ಕಾಯ್ದೆಯ ಪ್ರಕಾರ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಇರಬೇಕು. ಮೇಡಂ ಐದೇ ಕುರ್ಚಿ ಹಾಕಿಸಿದ್ದು ಅದಕ್ಕೇ. ನ್ಯಾಯಾಲಯ ಕೂಡಿದ ಕೂಡಲೇ ಸದಸ್ಯರ ಹೆಸರುಗಳನ್ನು ಆರೋಪಿಗೆ ಓದಿ ಹೇಳಿ, ಇವರಲ್ಲಿ ಯಾರ ಬಗ್ಗೆಯಾದರೂ ಆಕ್ಷೇಪವಿದೆಯೇ ಎಂದು ಕೇಳಬೇಕು. ಮತ ಸಮ ಸಮ ಬಂದರೆ ಲಾಭ ಆರೋಪಿಗೆ. ಸಾಮಾನ್ಯ ಶಿಕ್ಷೆಗೆ ಬಹುಮತ ಸಾಕು, ಮರಣದಂಡನೆಗೆ ಮಾತ್ರ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಐವರಿದ್ದರೆ ನಾಲ್ವರು. ಸಮರಿ ಜನರಲ್ ಕೋರ್ಟ್ ಮಾರ್ಷಲ್ ಆದರೆ ಎಲ್ಲರೂ ಒಪ್ಪಬೇಕು. ಆಮೇಲೂ ಮೇಲಿನವರು ದೃಢೀಕರಿಸದೆ ತೀರ್ಪಿಗೆ ಬೆಲೆಯಿಲ್ಲ. ಜೊತೆಗೆ ಕೂತಿರುವ ಜಡ್ಜ್ ಅಡ್ವೊಕೇಟ್ ಕಾನೂನು ತಿಳಿಸುತ್ತಾರೆ, ಮತ ಹಾಕುವುದಿಲ್ಲ.

ಇವುಗಳಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಇನ್ನೊಂದು ನಿಯಮ. ಆರೋಪಿ ನಿರ್ದೋಷಿ ಎಂದು ಹೇಳಿದ ಸದಸ್ಯನೂ, ಬಹುಮತದಿಂದ ತಪ್ಪು ಸಾಬೀತಾದ ಮೇಲೆ, ಶಿಕ್ಷೆ ಎಷ್ಟು ಎಂಬ ಬಗ್ಗೆ ಅಭಿಪ್ರಾಯ ಹೇಳಲೇಬೇಕು. ನಾನು ಒಪ್ಪಲಿಲ್ಲ, ನನಗೆ ಸಂಬಂಧವಿಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಯಾರು ಯಾವ ಕಡೆ ಮತ ಹಾಕಿದರು ಎಂಬುದನ್ನು ಹೊರಗೆ ಹೇಳುವುದಿಲ್ಲ ಎಂದು ಎಲ್ಲರೂ ಪ್ರಮಾಣ ಮಾಡಿರುತ್ತಾರೆ. ಒಳಗೆ ಯಾವ ನಂಬಿಕೆ ಕೆಲಸ ಮಾಡಿತು ಎಂಬುದು ಆ ಮನುಷ್ಯನ ಜೊತೆಗೇ ಉಳಿಯುತ್ತದೆ.

ಅಮೆರಿಕದ ಸೈನಿಕ ಕಾನೂನಿನಲ್ಲಿ ಈಗ ಮರಣದಂಡನೆಗೆ ಹನ್ನೆರಡು ಸದಸ್ಯರು, ಹನ್ನೆರಡೂ ಮಂದಿ ಒಪ್ಪಲೇಬೇಕು. ಒಬ್ಬರು ಇಲ್ಲ ಎಂದರೆ ಗಲ್ಲಿಲ್ಲ. ಅಲ್ಲಿನ ನಾಗರಿಕ ನ್ಯಾಯಾಲಯಗಳ ಜ್ಯೂರಿ ಸದಸ್ಯರನ್ನು ವಿಚಾರಣೆ ಮುಗಿದ ಮೇಲೆ ಮಾತಾಡಿಸಿ ಅಧ್ಯಯನ ಮಾಡಿದವರು ಒಂದು ಸಂಗತಿ ಕಂಡುಕೊಂಡರು. ಶಿಕ್ಷೆಯ ಬಗ್ಗೆ ವಾದ ಕೇಳುವ ಮೊದಲೇ ಅನೇಕರು ಶಿಕ್ಷೆ ಯಾವುದೆಂದು ಮನಸ್ಸಿನಲ್ಲಿ ತೀರ್ಮಾನಿಸಿ ಆಗಿತ್ತು. ಅದನ್ನು ಓದಿದಾಗ ಎತ್ತಿದ ನನ್ನ ಕೈ ಮತ್ತೆ ಕಣ್ಣ ಮುಂದೆ ಬಂತು. ನಾನು ಒಬ್ಬಳೇ ಅಲ್ಲ ಎಂಬುದು ಸಮಾಧಾನದ ವಿಷಯವಲ್ಲ, ಭಯದ ವಿಷಯ.

ನಮ್ಮಲ್ಲಿ ನಾಗರಿಕ ನ್ಯಾಯಾಲಯಗಳಲ್ಲಿ ಜ್ಯೂರಿ ಪದ್ಧತಿ ಹೋಗಿ ದಶಕಗಳೇ ಆದವು. ಮುಂಬೈಯ ನಾನಾವತಿ ಪ್ರಕರಣದಲ್ಲಿ ನೌಕಾಪಡೆಯ ಅಧಿಕಾರಿಯನ್ನು ಜ್ಯೂರಿ ನಿರ್ದೋಷಿ ಎಂದದ್ದು, ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿದ್ದು ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆಮೇಲೆ 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದಿತು. ಕೃತ್ಯವನ್ನಷ್ಟೇ ಅಲ್ಲ, ಅದನ್ನು ಮಾಡಿದ ಮನುಷ್ಯನನ್ನೂ ನೋಡಬೇಕು ಎಂಬುದು ಆ ತೀರ್ಪಿನ ತಿರುಳು. ಅವನ ಪ್ರಾಯ, ಬೆಳೆದ ರೀತಿ, ಸುಧಾರಿಸುವ ಸಾಧ್ಯತೆ. ನೂರಿಪ್ಪತ್ತು ವರ್ಷ ಹಿಂದೆ ಸಿಕಂದರಾಬಾದಿನ ಸೆರೆಗೆ ಬಂದು ಟೇಲರ್ ನೋಡಿದ್ದು ಅದನ್ನೇ. ಆದರೆ ಅಂದು ಅದು ಅರಸನೊಬ್ಬನ ಅದೃಷ್ಟವಾಗಿತ್ತು. ಹಲಗಲಿಯ 19 ಮಂದಿಗೆ ಸಿಗದ ಅದೃಷ್ಟ. ಇಂದು ಅದು ನಿಯಮ. ನಿಯಮವಿದ್ದರೂ ಕುರ್ಚಿಯಲ್ಲಿ ಕೂತವರು ಕೇಳಲು ತಯಾರಿಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ನಾನೀಗ ಕಾನೂನು ಪದವಿ ಮುಗಿಸಿ ಸೈನ್ಯದ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದೇನೆ. ಕಾನೂನು ಪದವೀಧರರಿಗೆ ಎಸ್‌ಎಸ್‌ಬಿ ಸಂದರ್ಶನದ ಮೂಲಕ ಇಲ್ಲಿಗೆ ಸೇರುವ ದಾರಿಯಿದೆ, ಹೆಣ್ಣುಮಕ್ಕಳಿಗೂ ಇದೆ. ಆಯ್ಕೆಯಾದರೆ ನಾನು ಮತ ಹಾಕುವವಳಲ್ಲ, ಮತ ಹಾಕುವವರ ಪಕ್ಕದಲ್ಲಿ ಕೂತು ಕಾನೂನು ಹೇಳುವವಳು. ಮೊದಲು ನನಗದು ಸಣ್ಣ ಕೆಲಸ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಅವಸರದಲ್ಲಿ ಎತ್ತಲು ಹೊರಟ ಕೈಗಳಿಗೆ, ಈ ಮನುಷ್ಯ ಯಾರೆಂದು ಕೇಳಿ ಆಯಿತೇ ಎಂದು ನೆನಪಿಸುವುದು ಸಣ್ಣ ಕೆಲಸವಲ್ಲ.

ಸಂದರ್ಶನ, ಗುಂಪು ಚರ್ಚೆ, ಕಾಲೇಜಿನ ಶಿಸ್ತು ಸಮಿತಿ, ವಾಟ್ಸ್ಆ್ಯಪ್ ಗುಂಪು, ಎಲ್ಲ ಕಡೆ ನಾವು ಒಬ್ಬರಿಗೊಬ್ಬರು ತೀರ್ಪು ಕೊಡುತ್ತಲೇ ಇರುತ್ತೇವೆ. ಅಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದರೆ ಕೈ ಎತ್ತುವ ಅಭ್ಯಾಸ ಶುರುವಾಗುವುದು ಅಲ್ಲೇ.

ಹೋದ ವಾರ ಸಂಜೆ ನಂದಾವರಕ್ಕೆ ಹೋಗಿದ್ದೆ. ಹೊಳೆ ತಣ್ಣಗೆ ಹರಿಯುತ್ತಿತ್ತು. ಲಕ್ಷ್ಮಪ್ಪ ಬಂಗರಸರು ತೀರ್ಪು ಕೇಳಲು ನಿಂತಾಗ, ಇವರನ್ನು ನಾನು ಬಲ್ಲೆ ಎಂದು ಹೇಳುವವರು ಒಬ್ಬರಾದರೂ ಇದ್ದರೇ ಎಂದು ಯೋಚಿಸುತ್ತಾ ಸ್ವಲ್ಪ ಹೊತ್ತು ಕೂತೆ. ಆಮೇಲೆ ಬಿ.ಸಿ. ರೋಡಿಗೆ ಬಂದು ಬಸ್ ಹತ್ತಿದೆ. ಪಕ್ಕದ ಸೀಟಿನಲ್ಲಿದ್ದವರು ಮೊಬೈಲಿನಲ್ಲಿ ಯಾವುದೋ ಕೊಲೆಯ ಸುದ್ದಿ ತೋರಿಸಿ, ಇಂಥವರಿಗೆ ಗಲ್ಲೇ ಆಗಬೇಕಲ್ಲವಾ ಎಂದು ನನ್ನನ್ನು ಕೇಳಿದರು. ಮೊದಲಾದರೆ ಹೌದು ಎಂದುಬಿಡುತ್ತಿದ್ದೆ. ಅಂದು, ಏನಾಯಿತು ಹೇಳಿ ಎಂದು ಕೇಳಿದೆ.